ಹಳೆಯ ಕಾರಿನ ಬ್ರೇಕ್ ಶೂ: ಹುಡುಕುವುದು, ಡ್ರಮ್ಮಿಗೆ ಕೂಡಿಸುವುದು, ಹಾಕುವುದು

ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ ಒತ್ತಿ ಕಾರನ್ನು ನಿಲ್ಲಿಸುವ ಕಮಾನಿನಾಕಾರದ ಉಕ್ಕಿನ ತುಂಡೇ ಬ್ರೇಕ್ ಶೂ, ಅದರ ಬೆನ್ನಿಗೆ ಹತ್ತಿಸಿದ ಉಜ್ಜುವ ಪದರವೇ ಲೈನಿಂಗ್. ಹಳೆಯ ಕಾರಿಗೆ ಹೊಸ ಬ್ರೇಕ್ ಶೂ ಹಾಕಿದ ಮೇಲೆ ಪೆಡಲ್ ಸ್ಪಂಜು ತುಳಿದ ಹಾಗೆ ಮೆತ್ತಗಾದರೆ ಎಲ್ಲರ ಅನುಮಾನ ಮೊದಲು ಹೋಗುವುದು ಪೈಪಿನೊಳಗಿನ ಗಾಳಿಯ ಮೇಲೆ. ಒಮ್ಮೆ ಬ್ಲೀಡ್ ಮಾಡುತ್ತಾರೆ (ಬ್ರೇಕ್ ಫ್ಲೂಯಿಡ್ ಹರಿಸಿ ಗಾಳಿಯನ್ನು ಹೊರಗೆ ಬಿಡುತ್ತಾರೆ), ಮತ್ತೊಮ್ಮೆ ಮಾಡುತ್ತಾರೆ, ಡಬ್ಬಿ ಫ್ಲೂಯಿಡ್ ಖಾಲಿಯಾದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಎಷ್ಟೋ ಸಲ ತಪ್ಪು ಇರುವುದು ಪೈಪಿನಲ್ಲಲ್ಲ, ಶೂನಲ್ಲಿ. ಶೂನ ಬಾಗು ಮತ್ತು ಡ್ರಮ್ಮಿನ ಬಾಗು ಒಂದಕ್ಕೊಂದು ಕೂಡಿರುವುದಿಲ್ಲ. ಲೈನಿಂಗ್ ಡ್ರಮ್ಮನ್ನು ನಡುವೆ ಮಾತ್ರವೋ ಎರಡು ತುದಿಯಲ್ಲಿ ಮಾತ್ರವೋ ಮುಟ್ಟುತ್ತದೆ. ಪೆಡಲ್ ಒತ್ತಿದಷ್ಟೂ ಶೂನ ಉಕ್ಕು ಬಾಗುತ್ತ ಹೋಗುತ್ತದೆ, ಆ ಬಾಗುವಿಕೆಯೇ ಕಾಲಿಗೆ ಸ್ಪಂಜಿನಂತೆ ತಿಳಿಯುತ್ತದೆ. ಆದ್ದರಿಂದ ಕಾರಿನ ಹೆಸರು ಹೇಳಿ ಶೂ ತರಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ. ನಿಮ್ಮ ಕಾರಿನಲ್ಲಿ ಈಗಿರುವ ಡ್ರಮ್ಮಿಗೆ ಅದು ಕೂಡುತ್ತದೆಯೇ ಎಂದು ನೋಡುವುದು ಉಳಿದರ್ಧ.

ಬಿಚ್ಚಿ ಅಳೆಯದೆ ತರಿಸಬೇಡಿ

ಮಾದರಿ ಮತ್ತು ವರ್ಷ ಹೇಳಿದರೆ ಸಾಕು ಎನ್ನುವ ಲೆಕ್ಕ ಹಳೆಯ ಕಾರಿಗೆ ನಡೆಯುವುದಿಲ್ಲ. ಒಂದೇ ಹೆಸರಿನ ಕಾರಿನಲ್ಲಿ ನಡುವೆ ಬ್ರೇಕ್ ಬದಲಾಗಿರುತ್ತದೆ. ಮಾರಿಸ್ ಮೈನರ್‌ನ ಮುಂದಿನ ಡ್ರಮ್ ಮೊದಲು 7 ಇಂಚಿನದು. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಮುಂದಿನದು 8 ಇಂಚಾಯಿತು, ಹಿಂದಿನದು 7ರಲ್ಲೇ ಉಳಿಯಿತು. ಫೋಕ್ಸ್‌ವ್ಯಾಗನ್ ಬೀಟಲ್‌ನ ಎಕ್ಸ್‌ಪೋರ್ಟ್ ಮಾದರಿಗೆ 1950ರಲ್ಲೇ ಹೈಡ್ರಾಲಿಕ್ (ಫ್ಲೂಯಿಡ್ ಒತ್ತಡದ) ಬ್ರೇಕ್ ಬಂದರೂ ಸ್ಟ್ಯಾಂಡರ್ಡ್ ಮಾದರಿ 1962ರವರೆಗೆ ಕೇಬಲ್ ಬ್ರೇಕಿನಲ್ಲೇ ಓಡಿತು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬಂದದ್ದು 1939ರ ಮಾದರಿಗಳಲ್ಲಿ. ಆದರೆ ಅದಕ್ಕಿಂತ ಹಳೆಯ ಎಷ್ಟೋ ಫೋರ್ಡುಗಳಿಗೆ ಮುಂದಿನ ಮಾಲೀಕರು ಹೈಡ್ರಾಲಿಕ್ ಹಾಕಿಸಿದ್ದಾರೆ. ಐವತ್ತು ಅರವತ್ತು ವರ್ಷದಲ್ಲಿ ಕಾರು ನಾಲ್ಕಾರು ಕೈ ದಾಟಿರುತ್ತದೆ, ಯಾರೋ ಬೇರೆ ಕಾರಿನ ಆಕ್ಸಲನ್ನೇ ತಂದು ಕೂರಿಸಿರಲೂಬಹುದು. ಕೈಪಿಡಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ದಿನದ ಮಾತು. ನಿಮಗೆ ಬೇಕಿರುವುದು ಇವತ್ತಿನದು.

ಡ್ರಮ್ ತೆಗೆದು ಇಷ್ಟನ್ನು ಬರೆದುಕೊಳ್ಳಿ: ಡ್ರಮ್ಮಿನ ಒಳವ್ಯಾಸ, ಲೈನಿಂಗಿನ ಅಗಲ, ಅದರ ದಪ್ಪ, ಕಮಾನಿನ ಉದ್ದಕ್ಕೆ ದಾರ ಇಟ್ಟು ಅಳೆದ ಉದ್ದ, ಶೂನ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಅಳತೆ, ಶೂನ ನಿಂತ ತಗಡಿನ (ವೆಬ್ ಎನ್ನುವುದು ಇದನ್ನೇ) ದಪ್ಪ. ಸ್ಪ್ರಿಂಗ್ ಸಿಕ್ಕಿಸುವ ತೂತುಗಳು ಎಲ್ಲಿವೆ, ಎಷ್ಟಿವೆ, ಹ್ಯಾಂಡ್‌ಬ್ರೇಕ್ ಲಿವರಿಗೆ ಬೇರೆ ತೂತು ಇದೆಯೇ ಎಂಬುದನ್ನೂ ಗುರುತು ಮಾಡಿ. ತುದಿಗಳ ಆಕಾರ ಬಹಳ ಮುಖ್ಯ. ಕೆಲವು ಶೂ ಪಿನ್ನಿನ ಮೇಲೆ ತಿರುಗುತ್ತವೆ, ಅವಕ್ಕೆ ದುಂಡನೆಯ ತೂತು ಇರುತ್ತದೆ. ಕೆಲವು ಬರೀ ಒಂದು ಚಪ್ಪಟೆ ಮುಖಕ್ಕೆ ಆತುಕೊಂಡು ಜಾರುತ್ತವೆ. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಹಳೆಯ ಶೂವನ್ನು ಕಾಗದದ ಮೇಲೆ ಮಲಗಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ತೂತುಗಳನ್ನೂ ಗುರುತಿಸಿ ಇಟ್ಟುಕೊಂಡರೆ ಮಾರುವವರ ಮುಂದೆ ಹತ್ತು ಅಳತೆ ಹೇಳುವುದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ವೆಬ್‌ನ ಮೇಲೆ ತುಕ್ಕಿನ ಅಡಿಯಲ್ಲಿ ಒತ್ತಿದ ಸಂಖ್ಯೆ ಇರಬಹುದು, ವೈರ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಉಜ್ಜುವ ಮುಂಚೆ ಶೂ ಒದ್ದೆ ಮಾಡಿಕೊಳ್ಳಬೇಕು, ಕಾರಣ ಮುಂದೆ ಬರುತ್ತದೆ. ಲಾಕ್‌ಹೀಡ್, ಗರ್ಲಿಂಗ್, ಬೆಂಡಿಕ್ಸ್ ಮೊದಲಾದವರು ಬ್ರೇಕ್ ಮಾಡಿ ಹತ್ತಾರು ಕಾರು ಕಂಪನಿಗಳಿಗೆ ಕೊಡುತ್ತಿದ್ದರು. ಹಾಗಾಗಿ ನಿಮ್ಮ ಕಾರಿನ ಹೆಸರಿನಲ್ಲಿ ಸಿಗದ ಶೂ ಆ ಕಾಲದ ಇನ್ನೊಂದು ಕಾರಿನ, ಕೆಲವೊಮ್ಮೆ ಒಂದು ಸಣ್ಣ ವ್ಯಾನಿನ ಹೆಸರಿನಲ್ಲಿ ಸಿಗುತ್ತದೆ. ಬ್ರೇಕ್ ಮಾಡಿದವರ ಸಂಖ್ಯೆ ಹಿಡಿದು ಹುಡುಕಿದರೆ ಈ ಬಾಗಿಲು ತೆರೆಯುತ್ತದೆ.

ಡ್ರಮ್ಮಿನ ವ್ಯಾಸವನ್ನು ಒಂದೇ ಕಡೆ ಅಳೆದು ಬಿಡಬೇಡಿ. ಲೈನಿಂಗ್ ಉಜ್ಜುವ ಜಾಗದಲ್ಲಿ, ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಅಂಚಿನಲ್ಲಿ ಸವೆಯದೆ ಉಳಿದ ಏಣಿನ ಮೇಲೆ ಅಳೆದರೆ ಹೊಸ ಡ್ರಮ್ಮಿನ ಲೆಕ್ಕವೇ ಬರುತ್ತದೆ, ಮೋಸ ಹೋಗುತ್ತೀರಿ. ಸಾಮಾನ್ಯವಾಗಿ ಮೂಲ ಅಳತೆಗಿಂತ 1.5 ಮಿಲಿಮೀಟರ್, ಅಂದರೆ 60 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ದಾಟಿದ ಡ್ರಮ್ಮನ್ನು ಬಿಟ್ಟುಬಿಡುವುದೇ ಲೇಸು. ಗೋಡೆ ತೆಳುವಾದಷ್ಟೂ ಬಿಸಿ ತಡೆಯುವ ಶಕ್ತಿ ಇಳಿಯುತ್ತದೆ, ಬಿರುಕು ಬಿಡುವ ಅಪಾಯ ಏರುತ್ತದೆ. ನಂತರದ ವರ್ಷಗಳ ಡ್ರಮ್ಮುಗಳ ಮೇಲೆ ಗರಿಷ್ಠ ವ್ಯಾಸವನ್ನು ಒತ್ತಿರುತ್ತಾರೆ, ಅದಿದ್ದರೆ ಅದೇ ಕೊನೆಯ ಮಾತು. ನಾಲ್ಕು ಅಳತೆಗಳ ನಡುವೆ 0.15 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡ್ರಮ್ ದುಂಡಗಿಲ್ಲ ಎಂದರ್ಥ, ಪೆಡಲ್ ಕಾಲಿನಡಿ ಮಿಡಿಯುತ್ತದೆ. ಲೇತಿನಲ್ಲಿ ಟರ್ನಿಂಗ್ ಮಾಡಿಸುವುದಾದರೆ ಒಂದು ಆಕ್ಸಲಿನ ಎರಡೂ ಡ್ರಮ್ಮುಗಳನ್ನು ಒಂದೇ ಅಳತೆಗೆ ತನ್ನಿ, 0.25 ಮಿಲಿಮೀಟರಿಗಿಂತ ಹೆಚ್ಚು ಹೆಚ್ಚುಕಡಿಮೆ ಇರಬಾರದು. ಒಂದನ್ನು ಮಾತ್ರ ಕೊರೆಸಿದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಎಲ್ಲಿಂದ ತರುವುದು

ದಾರಿ ಮೂರಿವೆ. ಈಗ ಹೊಸದಾಗಿ ತಯಾರಾಗಿ ಬರುವ ಶೂ, ಪೆಟ್ಟಿಗೆ ಒಡೆಯದೆ ದಶಕಗಳಿಂದ ಉಳಿದ ಹಳೆಯ ದಾಸ್ತಾನು, ನಿಮ್ಮ ಹಳೆಯ ಶೂಗೇ ಹೊಸ ಲೈನಿಂಗ್ ಹಾಕಿಸುವುದು.

ಹಳೆಯ ದಾಸ್ತಾನಿನ ಪೆಟ್ಟಿಗೆ ಕಂಡರೆ ಕೈ ತಾನಾಗಿ ಹೋಗುತ್ತದೆ, ಆದರೆ ಬ್ರೇಕ್ ಶೂ ವಿಷಯದಲ್ಲಿ ಅದು ಕೊನೆಯ ಆಯ್ಕೆಯಾಗಲಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರಬಲ್ಲದು. ಬ್ರಿಟನ್ ಅದನ್ನು ನಿಷೇಧಿಸಿದ್ದು 1999ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಪೂರ್ತಿಯಾದದ್ದು 2005ರಲ್ಲಿ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ: ಅಂಟಿಸಿದ ಲೈನಿಂಗ್ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅಂಟಿನ ಅಡಿಗೆ ತುಕ್ಕು ನುಸುಳಿರುತ್ತದೆ. ನೋಡಲು ಹೊಸ ಶೂ, ಗಟ್ಟಿಯಾಗಿ ಬ್ರೇಕ್ ತುಳಿದಾಗ ಲೈನಿಂಗ್ ಹಾಳೆಯಂತೆ ಎದ್ದು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಚಕ್ರ ಜಾಮ್ ಆಗುತ್ತದೆ.

ಹೊಸ ತಯಾರಿಕೆಯ ಶೂ ಅಗ್ಗದ್ದಾದರೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಳೆಯ ಶೂ ಬೆನ್ನಿಗೆ ಬೆನ್ನು ಕೂಡಿಸಿ ನೋಡಿ. ಸ್ಪ್ರಿಂಗ್ ತೂತು ಎರಡು ಮಿಲಿಮೀಟರ್ ಆಚೀಚೆ ಇದ್ದರೂ ಶೂ ಹಿಂದಕ್ಕೆ ಬರುವ ಬಲ ಬದಲಾಗುತ್ತದೆ. ವೆಬ್ ತೆಳುವಾಗಿದ್ದರೆ ಅದು ಆತುಕೊಳ್ಳುವ ಸೀಳಿನಲ್ಲಿ ಅಲುಗಾಡುತ್ತದೆ. ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ, ಯಾವ ಮೂಲೆಯೂ ಮೇಲೆದ್ದಿರಬಾರದು. ತಿರುಚಿದ ಶೂ ಡ್ರಮ್ಮಿನ ಒಂದು ಅಂಚನ್ನಷ್ಟೇ ಉಜ್ಜುತ್ತದೆ.

ನಮ್ಮ ಮೊದಲ ಆಯ್ಕೆ ಮೂರನೆಯದು, ಹಳೆಯ ಶೂಗೆ ಹೊಸ ಲೈನಿಂಗ್. ಆ ಉಕ್ಕು ನಿಮ್ಮ ಕಾರಿನ ಬ್ಯಾಕ್‌ಪ್ಲೇಟಿಗೆ (ಡ್ರಮ್ಮಿನ ಹಿಂದೆ ಶೂಗಳನ್ನು ಹೊತ್ತು ನಿಂತ ತಗಡು) ಕೂಡುತ್ತದೆ ಎಂಬುದು ಆಗಲೇ ಗೊತ್ತಿದೆ, ಡ್ರಮ್ಮಿಗೆ ತಕ್ಕ ದಪ್ಪದ ಲೈನಿಂಗ್ ಕೇಳಬಹುದು. ಅದಕ್ಕಾಗಿ ಒಂದು ನಿಯಮ: ಸವೆದ ಶೂವನ್ನು ಎಂದೂ ಎಸೆಯಬೇಡಿ. ಕಳಿಸುವ ಮುಂಚೆ ವೆಬ್‌ನಲ್ಲಿ ಬಿರುಕು ಇದೆಯೇ, ಪಿಸ್ಟನ್ ತಾಗುವ ತುದಿಯಲ್ಲಿ ಹಳ್ಳ ಬಿದ್ದಿದೆಯೇ, ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆಯೇ ನೋಡಿ. ಹಳ್ಳ ಬಿದ್ದ ತುದಿಗೆ ಬೆಸುಗೆ ತುಂಬಿ ಅರದಲ್ಲಿ ಮೂಲ ಆಕಾರಕ್ಕೆ ತರಿಸಬಹುದು. ಬಿರುಕು ಬಿಟ್ಟಿದ್ದರೆ ಬೇಡ.

ಲೈನಿಂಗ್ ಅಂಟಿಸುವುದೋ ರಿವೆಟ್ ಹೊಡೆಯುವುದೋ ಎಂಬ ಚರ್ಚೆ ಹಳೆಯದು. ಅಂಟಿಸಿದ್ದರಲ್ಲಿ ರಿವೆಟ್ ತಲೆ ಇಲ್ಲದ ಕಾರಣ ಲೈನಿಂಗ್ 1.5 ಮಿಲಿಮೀಟರಿಗೆ ಇಳಿಯುವವರೆಗೆ ಓಡಿಸಬಹುದು. ಆದರೆ ಅಂಟನ್ನು ಒತ್ತಡದಲ್ಲಿ ಹಿಡಿದು ಒಲೆಯಲ್ಲಿ ಕಾಯಿಸಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ರಿವೆಟ್ ಹಾಕಿದ್ದನ್ನು ತಲೆಯ ಮೇಲೆ 0.8 ಮಿಲಿಮೀಟರ್ ಉಳಿದಾಗಲೇ ಬದಲಿಸಬೇಕು, ಇಲ್ಲದಿದ್ದರೆ ಹಿತ್ತಾಳೆಯ ತಲೆ ಡ್ರಮ್ಮಿನಲ್ಲಿ ಗೀರು ಕೊರೆಯುತ್ತದೆ. ರಿವೆಟ್ ಹಾಕುವಾಗ ನಡುವಿನ ಜೋಡಿಯಿಂದ ಶುರು ಮಾಡಿ ಎರಡೂ ತುದಿಗಳ ಕಡೆ ಹೋಗಬೇಕು. ತುದಿಯಿಂದ ಶುರು ಮಾಡಿದರೆ ನಡುವೆ ಲೈನಿಂಗ್ ಉಬ್ಬಿ ನಿಲ್ಲುತ್ತದೆ. ಮುಗಿದ ಮೇಲೆ ಲೈನಿಂಗಿಗೂ ಶೂಗೂ ನಡುವೆ 0.1 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಎಲ್ಲೂ ತೂರಬಾರದು.

ಲೈನಿಂಗಿನ ಜಾತಿಯ ಬಗ್ಗೆ ಒಂದು ಮಾತು. ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಸಾಧನ) ಇಲ್ಲದ ಹಳೆಯ ಕಾರಿನಲ್ಲಿ ನಿಲ್ಲಿಸುವ ಬಲವೆಲ್ಲ ನಿಮ್ಮ ಕಾಲಿನದು. ಅದಕ್ಕೆ ಈಗಿನ ಭಾರದ ವಾಹನಗಳ ಗಡಸು ಲೈನಿಂಗ್ ಹಾಕಿದರೆ ಪೆಡಲ್ ಮರದ ತುಂಡಿನಂತಾಗುತ್ತದೆ. ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ನಿಲ್ಲುವುದಿಲ್ಲ. ಎಷ್ಟೋ ಲೈನಿಂಗಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ: ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ಬೂಸ್ಟರ್ ಇಲ್ಲದ ಕಾರಿಗೆ ಎಫ್‌ಎಫ್ ಒಳ್ಳೆಯದು. ಕೇಬಲ್ ಅಥವಾ ಸರಳಿನ ಬ್ರೇಕ್ ಇರುವ ಇನ್ನೂ ಹಳೆಯ ಕಾರುಗಳಿಗೆ ಮೆತ್ತನೆಯ ನೇಯ್ದ ಲೈನಿಂಗ್ ಚೆನ್ನಾಗಿ ಹಿಡಿಯುತ್ತದೆ, ಕಡಿಮೆ ಒತ್ತಡದಲ್ಲೂ ಡ್ರಮ್ಮಿಗೆ ಬೇಗ ಒಗ್ಗುತ್ತದೆ. ಯಾವುದೇ ಆಗಲಿ, ಒಂದು ಆಕ್ಸಲಿನ ನಾಲ್ಕೂ ಶೂಗೆ ಒಂದೇ ಲೈನಿಂಗ್, ಒಂದೇ ಸಲ.

ಸೀಮೆಸುಣ್ಣದ ಪರೀಕ್ಷೆ

ಶೂ ಕೈಗೆ ಬಂದ ದಿನವೇ, ಕಾರಿಗೆ ಹಾಕುವ ಮೊದಲು ಇದನ್ನು ಮಾಡಿ. ಹತ್ತು ನಿಮಿಷದ ಕೆಲಸ, ಉಳಿಸುವುದು ಇಡೀ ದಿನವನ್ನು.

ಡ್ರಮ್ಮನ್ನು ಬೆಂಚಿನ ಮೇಲೆ ಬಾಯಿ ಮೇಲೆ ಮಾಡಿ ಇಡಿ. ಒಳಗೋಡೆಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ. ಶೂವನ್ನು ಗೋಡೆಗೆ ಆನಿಸಿ, ಹೆಬ್ಬೆರಳಿನಿಂದ ನಡುವೆ ಒತ್ತಿ, ಒಂದು ಸೆಂಟಿಮೀಟರ್ ಆಚೆ ಒಂದು ಸೆಂಟಿಮೀಟರ್ ಈಚೆ ಜಾರಿಸಿ, ಹೊರಗೆ ತೆಗೆದು ನೋಡಿ. ಲೈನಿಂಗಿನ ನಡುಭಾಗದಲ್ಲಿ ಬಿಳಿ ಹತ್ತಿ, ತುದಿಗಳ ಕಡೆ ಹೋದಂತೆ ತೆಳುವಾಗಿ ಮಾಸಿದ್ದರೆ ಸರಿಯಾಗಿದೆ. ಈಗ ಶೂ ನಡುವೆ ಒತ್ತಿ ಹಿಡಿದೇ ಎರಡೂ ತುದಿಗೆ ಫೀಲರ್ ಗೇಜ್ ತೂರಿಸಿ: 0.15ರಿಂದ 0.25 ಮಿಲಿಮೀಟರ್ ಸಂದು ಇರಬೇಕು. ಲೈನಿಂಗಿನ ವ್ಯಾಸ ಡ್ರಮ್ಮಿಗಿಂತ ಸುಮಾರು 0.7ರಿಂದ 1.2 ಮಿಲಿಮೀಟರ್ ಚಿಕ್ಕದಿದೆ ಎಂದು ಆ ಸಂದು ಹೇಳುತ್ತದೆ. ಕಾದಾಗ, ಬಲ ಬಿದ್ದಾಗ ಶೂ ಬಾಗಿ ಅದು ಮುಚ್ಚಿಕೊಳ್ಳುತ್ತದೆ.

ಸಂದು ಅರ್ಧ ಮಿಲಿಮೀಟರಿಗೆ ಹತ್ತಿರವಿದ್ದು ಶೂ ತೊಟ್ಟಿಲಿನಂತೆ ತೂಗಿದರೆ ಡ್ರಮ್ ಸವೆದು ಇಲ್ಲವೇ ಕೊರೆಸಿ ದೊಡ್ಡದಾಗಿದೆ. ಬರೀ ಸ್ಟ್ಯಾಂಡರ್ಡ್ ಲೈನಿಂಗ್ ಅಲ್ಲಿಗೆ ಸಾಲದು. ಡ್ರಮ್ ವ್ಯಾಸ 1.5 ಮಿಲಿಮೀಟರ್ ಹೆಚ್ಚಿದ್ದರೆ ಅದರ ಅರ್ಧ, ಅಂದರೆ 0.75 ಮಿಲಿಮೀಟರ್ ಹೆಚ್ಚು ದಪ್ಪದ ಲೈನಿಂಗ್ ಕೇಳಿ.

ಬಿಳಿ ಎರಡು ತುದಿಗಳಲ್ಲಿ ಮಾತ್ರ ಹತ್ತಿ ನಡುವೆ ಬೆಳಕು ಕಂಡರೆ ಅದು ಇನ್ನೂ ಕೆಟ್ಟದ್ದು. ಹಾಗೇ ಹಾಕಿದರೆ ತುದಿ ಡ್ರಮ್ಮನ್ನು ಕಚ್ಚುತ್ತದೆ, ಕಿರುಚುತ್ತದೆ, ಮೆಲ್ಲಗೆ ತುಳಿದರೂ ಚಕ್ರ ತಟ್ಟನೆ ನಿಲ್ಲುತ್ತದೆ. ಲೈನಿಂಗನ್ನು ಡ್ರಮ್ಮಿನ ಬಾಗಿಗೆ ತಕ್ಕಂತೆ ಉಜ್ಜಿಸಬೇಕು. ಅದಕ್ಕೆಂದೇ ಇರುವ ಗ್ರೈಂಡಿಂಗ್ ಯಂತ್ರ ಹಿಂದೆ ಪ್ರತಿ ಬ್ರೇಕ್ ಅಂಗಡಿಯಲ್ಲೂ ಇರುತ್ತಿತ್ತು, ಆಸ್ಬೆಸ್ಟಾಸ್ ಧೂಳಿನ ಭಯದಿಂದ ಈಗ ಅಪರೂಪವಾಗಿದೆ. ಲೈನಿಂಗ್ ಹಾಕಿಕೊಡುವವರಿಗೆ ಡ್ರಮ್ಮನ್ನೂ ಶೂ ಜೊತೆಗೇ ಕೊಟ್ಟರೆ ಈ ತಲೆನೋವೇ ಇಲ್ಲ. ಸ್ವಲ್ಪವೇ ವ್ಯತ್ಯಾಸವಿದ್ದರೆ ಹಳೆಯ ಉಪಾಯವೊಂದಿದೆ: ತೆಳು ಎಮರಿ ಬಟ್ಟೆಯನ್ನು, 80ನೇ ನಂಬರಿನದು, ಡ್ರಮ್ಮಿನ ಒಳಗೋಡೆಗೆ ಅಂಟುಟೇಪಿನಲ್ಲಿ ಹಿಡಿಸಿ, ಅದರ ಮೇಲೆ ಶೂವನ್ನು ಹಿಂದೆ ಮುಂದೆ ಉಜ್ಜುವುದು. ಬಟ್ಟೆಯ ದಪ್ಪ ಇರುವುದರಿಂದ ಲೈನಿಂಗ್ ಡ್ರಮ್ಮಿಗಿಂತ ಕೊಂಚ ಚಿಕ್ಕ ಬಾಗಿಗೆ ಇಳಿಯುತ್ತದೆ, ನಮಗೆ ಬೇಕಿರುವುದೂ ಅದೇ. ಇದು ಆಸ್ಬೆಸ್ಟಾಸ್ ಇಲ್ಲದ ಹೊಸ ಲೈನಿಂಗಿಗೆ ಮಾತ್ರ, ಅದೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು.

ಬಿಚ್ಚುವುದು

ಹಳೆಯ ಲೈನಿಂಗಿನ ಧೂಳು ಆಸ್ಬೆಸ್ಟಾಸ್ ಎಂದೇ ಎಣಿಸಿ ಕೆಲಸ ಮಾಡಿ. ಗಾಳಿ ಹೊಡೆಯಬಾರದು, ಒಣ ಬ್ರಷ್ ಆಡಿಸಬಾರದು, ಬಾಯಲ್ಲಿ ಊದಲೇಬಾರದು. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ತುಂತುರು ಬಾಟಲಿಯಲ್ಲಿ ತುಂಬಿಕೊಳ್ಳಿ. ಡ್ರಮ್ ಸಡಿಲವಾದ ಕೂಡಲೇ ಒಳಗೆ ಚೆನ್ನಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮಾಸ್ಕ್ ಪಿ3 ಅಥವಾ ಪಿ100 ದರ್ಜೆಯದಿರಲಿ, ಬಟ್ಟೆಯ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ.

ಚಕ್ರಗಳಿಗೆ ತಡೆಗಟ್ಟೆ ಇಟ್ಟು, ವೀಲ್ ನಟ್ ನೆಲದ ಮೇಲೇ ಸಡಿಲಿಸಿ, ಜ್ಯಾಕ್ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ನಟ್ ಬಿಚ್ಚದೆ ಹಠ ಹಿಡಿದರೆ ಪೈಪ್ ಹಾಕಿ ಎಳೆಯುವ ಮುಂಚೆ ಸ್ಟಡ್ಡಿನ ತುದಿ ನೋಡಿ: ಎಷ್ಟೋ ಹಳೆಯ ಕಾರುಗಳಲ್ಲಿ ಎಡಗಡೆಯ ಚಕ್ರಗಳಿಗೆ ಎಡ ಮರೆ (ಉಲ್ಟಾ ಸುತ್ತಿನ ಥ್ರೆಡ್) ಇರುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು.

ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಬಿಡಿ. ಅಡ್ಜಸ್ಟರನ್ನು (ಶೂಗೂ ಡ್ರಮ್ಮಿಗೂ ನಡುವಿನ ಸಂದು ಹೊಂದಿಸುವ ತಿರುಪು) ಪೂರ್ತಿ ಹಿಂದಕ್ಕೆ ತಿರುಗಿಸಿ. ಸವೆದ ಡ್ರಮ್ಮಿನ ಒಳಗೆ ಶೂ ಕೂತ ಜಾಗ ಹಳ್ಳವಾಗಿ ಅಂಚು ಏಣಾಗಿ ನಿಂತಿರುತ್ತದೆ, ಶೂ ಒಳಕ್ಕೆ ಸರಿಯದೆ ಡ್ರಮ್ ಹೊರಬರುವುದಿಲ್ಲ. ಬ್ಯಾಕ್‌ಪ್ಲೇಟಿನ ಹಿಂದೆ ಚೌಕ ತಲೆಯ ಅಡ್ಜಸ್ಟರ್ ಇದ್ದರೆ ಎರಡು ದಿನ ಮುಂಚೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ತಲೆ ದುಂಡಗಾದ ಮೇಲೆ ಆ ಕೆಲಸ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಡ್ರಮ್ ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಹಿಡಿದುಕೊಂಡಿದ್ದರೆ ಸ್ಟಡ್ಡುಗಳ ನಡುವೆ ಸುತ್ತಲೂ ತಟ್ಟಿ, ಅಂಚಿಗೆ ಹೊಡೆಯಬೇಡಿ, ಎರಕದ ಕಬ್ಬಿಣ ಸೀಳುತ್ತದೆ. ಡ್ರಮ್ಮಿನ ಮುಖದಲ್ಲಿ ಮರೆ ಇರುವ ಎರಡು ತೂತು ಇದ್ದರೆ ಅವು ಇರುವುದೇ ಇದಕ್ಕೆ, ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ಬಿಗಿಸಿದರೆ ಡ್ರಮ್ ತಾನೇ ಎದ್ದು ಬರುತ್ತದೆ. ಹಬ್ಬೂ ಡ್ರಮ್ಮೂ ಒಂದಾಗಿ ಮೊನಚಿದ ಆಕ್ಸಲ್ ಮೇಲೆ ಕೂತಿರುವ ಕಾರಿಗೆ ಪುಲ್ಲರ್ ಬೇಕೇ ಬೇಕು. ಅಲ್ಲಿ ಸುತ್ತಿಗೆ ಬೀಸಿದರೆ ಪೆಟ್ಟು ಹೋಗುವುದು ಬೇರಿಂಗಿಗೆ.

ಒಂದು ಸಲಕ್ಕೆ ಒಂದು ಪಕ್ಕ ಮಾತ್ರ ಬಿಚ್ಚಿ, ಇನ್ನೊಂದು ಪಕ್ಕ ನೋಡಿ ಹೋಲಿಸಲು ಹಾಗೇ ಇರಲಿ. ಜೊತೆಗೆ ಫೋಟೊ ತೆಗೆಯಿರಿ: ಎದುರಿನಿಂದ ಒಂದು, ಶೂ ಹಿಂಬದಿಯ ಸ್ಪ್ರಿಂಗ್ ಕಾಣುವಂತೆ ಓರೆಯಿಂದ ಒಂದು. ಯಾವ ಸ್ಪ್ರಿಂಗ್ ಯಾವ ತೂತಿಗೆ, ಕೊಕ್ಕೆ ಮುಂದಿನಿಂದಲೋ ಹಿಂದಿನಿಂದಲೋ ಎಂಬುದನ್ನು ಸಂಜೆ ಹೊತ್ತಿಗೆ ಯಾರ ನೆನಪೂ ಹಿಡಿದಿಡುವುದಿಲ್ಲ. ಸ್ಪ್ರಿಂಗ್ ತೆಗೆಯುವಾಗ ಕನ್ನಡಕ ಹಾಕಿಕೊಳ್ಳಿ. ಶೂ ಹೊರಬಂದ ಕೂಡಲೇ ವೀಲ್ ಸಿಲಿಂಡರಿನ (ಫ್ಲೂಯಿಡ್ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ಭಾಗ) ಪಿಸ್ಟನ್ನುಗಳ ಮೇಲೆ ದಪ್ಪ ರಬ್ಬರ್ ಬ್ಯಾಂಡ್ ಹಾಕಿ, ಆಮೇಲೆ ಯಾರೂ ಪೆಡಲ್ ಮುಟ್ಟಬಾರದು.

ಒಳಗೆ ನೋಡಬೇಕಾದ್ದು

ಸಿಲಿಂಡರಿನ ರಬ್ಬರ್ ಮುಚ್ಚಳದ ಅಂಚನ್ನು ಎತ್ತಿ ನೋಡಿ. ಹನಿ ಬಿದ್ದರೆ ಒಳಗಿನ ಸೀಲ್ ಹೋಗಿದೆ, ಶೂ ಬದಲಿಸುವುದಕ್ಕೆ ಮೊದಲು ಅದನ್ನು ಮಾಡಿ. ಡ್ರಮ್ಮಿನೊಳಗೆ ಕಪ್ಪನೆಯ ದಪ್ಪ ಎಣ್ಣೆ ಕಂಡರೆ ಅದು ಬ್ರೇಕ್ ಫ್ಲೂಯಿಡ್ ಅಲ್ಲ, ಆಕ್ಸಲ್ ಎಣ್ಣೆ. ಸೀಲ್ ಬದಲಿಸುವುದರ ಜೊತೆಗೆ ಆಕ್ಸಲ್ ಮೇಲಿನ ಗಾಳಿಕಿಂಡಿಯನ್ನೂ ನೋಡಬೇಕು. ಅದು ಮಣ್ಣಿನಿಂದ ಮುಚ್ಚಿದ್ದರೆ ಕಾದ ಗಾಳಿ ಹೊರಹೋಗಲಾರದೆ ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಕೆಲವು ಕಾರುಗಳ ಹಿಂದಿನ ಸಿಲಿಂಡರಿಗೆ ಪಿಸ್ಟನ್ ಒಂದೇ, ಸಿಲಿಂಡರೇ ಬ್ಯಾಕ್‌ಪ್ಲೇಟಿನ ಸೀಳಿನಲ್ಲಿ ಜಾರಿ ಎರಡನೆಯ ಶೂವನ್ನು ಒತ್ತುತ್ತದೆ. ತುಕ್ಕು ಹಿಡಿದು ಅದು ನಿಂತುಬಿಟ್ಟಿದ್ದರೆ ಒಂದು ಶೂ ಮಾತ್ರ ಸವೆದು ಇನ್ನೊಂದು ಹೊಸದರಂತೆ ಇರುತ್ತದೆ. ಹಾಗೆ ಕಂಡರೆ ಸಿಲಿಂಡರ್ ಬಿಚ್ಚಿ ಸೀಳನ್ನು ಲೋಹ ಕಾಣುವಷ್ಟು ಉಜ್ಜಿ, ಕೈಯಲ್ಲೇ ಜಾರುವಂತೆ ಮಾಡಿ.

ಬ್ಯಾಕ್‌ಪ್ಲೇಟಿನಲ್ಲಿ ಶೂನ ಅಂಚು ಆತುಕೊಳ್ಳುವ ಉಬ್ಬುಗಳಿರುತ್ತವೆ, ಸಾಮಾನ್ಯವಾಗಿ ಶೂಗೆ ಮೂರು. ಬೆರಳಾಡಿಸಿ. ಗೀರು ಬಿದ್ದು ಹಳ್ಳವಾಗಿದ್ದರೆ ಶೂ ಅಲ್ಲೇ ಸಿಕ್ಕಿಕೊಂಡು ಬ್ರೇಕ್ ಬಿಡುವುದಿಲ್ಲ. ಅರ ಹಾಕಿ ನುಣುಪು ಮಾಡಿ, ಹೆಚ್ಚು ಆಳವಾಗಿದ್ದರೆ ಬೆಸುಗೆ ತುಂಬಿಸಿ ಮಟ್ಟ ಮಾಡಿ. ಆಮೇಲೆ ಹೆಚ್ಚು ಬಿಸಿ ತಾಳುವ ಬ್ರೇಕ್ ಗ್ರೀಸನ್ನು ಉಬ್ಬುಗಳಿಗೆ, ಶೂ ತುದಿಗಳಿಗೆ, ಅಡ್ಜಸ್ಟರ್ ಮರೆಗೆ ಉಗುರಿಗೆ ಹತ್ತುವಷ್ಟು ಸವರಿ. ಸಾಮಾನ್ಯ ಗ್ರೀಸ್ ಸಿಲಿಂಡರಿನ ರಬ್ಬರನ್ನು ಉಬ್ಬಿಸುತ್ತದೆ, ಅಲ್ಲಿಗೆ ಕೆಂಪು ರಬ್ಬರ್ ಗ್ರೀಸ್ ಮಾತ್ರ.

ಶೂವನ್ನು ಹಿಂದಕ್ಕೆ ಎಳೆಯುವ ರಿಟರ್ನ್ ಸ್ಪ್ರಿಂಗನ್ನು ಎಳೆಯದೆ ಬಿಟ್ಟಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ನಡುವೆ ಬೆಳಕು ಕಂಡರೆ ಎಳೆದು ಸೋತಿದೆ. ಲೈನಿಂಗಿಗೆ ಅಷ್ಟು ಖರ್ಚು ಮಾಡಿ ಹಳೆಯ ಸ್ಪ್ರಿಂಗ್ ಹಾಕುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಹಾಕುವುದು

ಯಾವ ಶೂ ಯಾವ ಜಾಗಕ್ಕೆ ಎಂಬುದು ಮೊದಲು ತೀರ್ಮಾನವಾಗಲಿ. ಸಿಲಿಂಡರ್ ತಳ್ಳುವ ತುದಿಯಿಂದ ಆತುಕೊಂಡ ತುದಿಯ ಕಡೆಗೆ ಡ್ರಮ್ ತಿರುಗುತ್ತಿದ್ದರೆ ಅದು ಮುಂಗಾಮಿ ಶೂ. ಡ್ರಮ್ ಅದನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ, ಹೆಚ್ಚು ಕೆಲಸ ಮಾಡುವುದೂ ಅದೇ. ಎದುರಿನದು ಹಿಂಗಾಮಿ. ಕೆಲವು ಶೂಗಳಲ್ಲಿ ಲೈನಿಂಗ್ ನಡುವಿಗೆ ಸರಿಯಾಗಿ ಇರದೆ ಒಂದು ತುದಿಗೆ ಸರಿದಿರುತ್ತದೆ, ಬಿಚ್ಚುವಾಗಿನ ಫೋಟೊದಂತೆಯೇ ಕೂರಿಸಿ. ಬೆಂಡಿಕ್ಸ್ ಮಾದರಿಯ ಡ್ಯುಯೊ ಸರ್ವೊ (ಒಂದು ಶೂ ಇನ್ನೊಂದನ್ನು ತಳ್ಳುವ) ಬ್ರೇಕಿನಲ್ಲಿ ಚಿಕ್ಕ ಲೈನಿಂಗಿನ ಶೂ ಕಾರಿನ ಮುಂದುಗಡೆಗೆ, ಉದ್ದದ್ದು ಹಿಂದುಗಡೆಗೆ. ಅದಲುಬದಲು ಮಾಡಿದರೆ ಬ್ರೇಕ್ ಒಮ್ಮೆ ಕಚ್ಚುತ್ತದೆ, ಒಮ್ಮೆ ಹಿಡಿಯುವುದೇ ಇಲ್ಲ. ಮುಂದಿನ ಚಕ್ರದಲ್ಲಿ ಎರಡು ಸಿಲಿಂಡರ್ ಇದ್ದರೆ ಎರಡೂ ಮುಂಗಾಮಿ ಶೂಗಳೇ.

ಕೈ ತೊಳೆದುಕೊಳ್ಳಿ, ಇಲ್ಲವೇ ಲೈನಿಂಗಿನ ಮೇಲೆ ಕಾಗದದ ಟೇಪ್ ಅಂಟಿಸಿ. ಗ್ರೀಸ್ ಬೆರಳಿನ ಒಂದೇ ಗುರುತು ಸಾಕು ಕಾರು ಪಕ್ಕಕ್ಕೆ ಎಳೆಯಲು. ಲೈನಿಂಗಿನ ಮುಂದುತುದಿ ಚೂಪಾಗಿದ್ದರೆ 45 ಡಿಗ್ರಿಯಲ್ಲಿ 3 ಮಿಲಿಮೀಟರಿನಷ್ಟು ಅರದಿಂದ ಇಳಿಜಾರು ಮಾಡಿ, ಕಿರುಚುವುದು ತಪ್ಪುತ್ತದೆ.

ಬ್ಯಾಕ್‌ಪ್ಲೇಟಿನ ಕಡೆಯ ಸ್ಪ್ರಿಂಗುಗಳನ್ನು ನೆಲದ ಮೇಲೇ ಎರಡೂ ಶೂಗೆ ಸಿಕ್ಕಿಸಿ ಜೋಡಿಯನ್ನು ಒಟ್ಟಿಗೆ ಎತ್ತಿಕೊಳ್ಳಿ. ಒಂದು ಶೂನ ಎರಡೂ ತುದಿಗಳನ್ನು ಮೊದಲು ಅವುಗಳ ಸೀಳಿನಲ್ಲಿ ಕೂರಿಸಿ, ಅಂಗೈಯಿಂದ ಒತ್ತಿ ಹಿಡಿಯಿರಿ. ಎರಡನೆಯ ಶೂನ ಕೆಳತುದಿಯನ್ನು ಜಾಗಕ್ಕೆ ಸೇರಿಸಿ, ಮೇಲುತುದಿಯನ್ನು ಅಗಲ ಬಾಯಿಯ ಸ್ಕ್ರೂಡ್ರೈವರಿನಿಂದ ಮೀಟಿ ಸಿಲಿಂಡರ್ ಪಿಸ್ಟನ್ನಿನ ಸೀಳಿಗೆ ಜಾರಿಸಿ. ಮೀಟುವಾಗ ರಬ್ಬರ್ ಮುಚ್ಚಳ ಹರಿಯದಂತೆ ನೋಡಿಕೊಳ್ಳಿ, ರಬ್ಬರ್ ಬ್ಯಾಂಡನ್ನು ತುದಿ ಕೂರುವ ಕ್ಷಣದಲ್ಲಿ ಕತ್ತರಿಸಿ ತೆಗೆಯಿರಿ. ಹೊರಗಿನ ಸ್ಪ್ರಿಂಗ್ ಬಿಗಿಯಾಗಿದ್ದರೆ ಗಟ್ಟಿ ದಾರದ ಕುಣಿಕೆಯನ್ನು ಕೊಕ್ಕೆಗೆ ಹಾಕಿ ಎಳೆದು ತೂತಿಗೆ ಬಿಡಿ, ಇಕ್ಕಳದಲ್ಲಿ ಹಿಡಿದರೆ ತಂತಿಗೆ ಗೀರು ಬಿದ್ದು ಮುಂದೆ ಅಲ್ಲೇ ತುಂಡಾಗುತ್ತದೆ. ಕೊನೆಗೆ ಎರಡೂ ಶೂಗಳನ್ನು ಕೈಯಿಂದ ಎಡಕ್ಕೆ ಬಲಕ್ಕೆ ಸರಿಸಿ ನಡುವಿಗೆ ತನ್ನಿ.

ಗರ್ಲಿಂಗ್ ಮಾದರಿಯ ಬೆಣೆ ಅಡ್ಜಸ್ಟರ್ ಬಿಚ್ಚಿ ತೊಳೆದಿದ್ದರೆ, ಅದರೊಳಗಿನ ಎರಡು ತಳ್ಳುಕಡ್ಡಿಗಳ ಓರೆ ಮುಖ ಬೆಣೆಯ ಓರೆಗೆ ಕೂಡುವಂತೆ ಇರಬೇಕು. ತಿರುಗುಮುರುಗಾದರೆ ಕ್ಲಿಕ್ ಸಿಗುವುದಿಲ್ಲ.

ಡ್ರಮ್ ಹೋಗುತ್ತಿಲ್ಲವೇ? ಹೊಡೆದು ಕೂರಿಸಬೇಡಿ. ಅಡ್ಜಸ್ಟರ್ ಪೂರ್ತಿ ಹಿಂದೆ ಇದೆಯೇ, ಸವೆದ ಶೂ ಕಾಲದಲ್ಲಿ ಬಿಗಿಸಿದ್ದ ಹ್ಯಾಂಡ್‌ಬ್ರೇಕ್ ಕೇಬಲ್ ಲಿವರನ್ನು ಎಳೆದು ಹಿಡಿದಿದೆಯೇ, ಪಿಸ್ಟನ್ ಪೂರ್ತಿ ಒಳಗಿದೆಯೇ, ಶೂ ತುದಿ ಸೀಳಿನ ಅಂಚಿನ ಮೇಲೆ ಹತ್ತಿ ಕೂತಿದೆಯೇ ನೋಡಿ. ಬಹಳ ಸಲ ತಪ್ಪಿತಸ್ಥ ಹ್ಯಾಂಡ್‌ಬ್ರೇಕ್ ಕೇಬಲ್ಲೇ. ಪಿಸ್ಟನ್ ಒಳಕ್ಕೆ ಒತ್ತುವಾಗ ಮೇಲೆ ಟ್ಯಾಂಕಿನಲ್ಲಿ ಫ್ಲೂಯಿಡ್ ಏರುತ್ತದೆ, ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ. ಮುಂಚೆಯೇ ಸ್ವಲ್ಪ ಹೀರಿ ತೆಗೆದಿಡಿ.

ಸೆಟ್ ಮಾಡುವುದು

ಮೊದಲು ಪೆಡಲಿನದು, ಕಟ್ಟಕಡೆಗೆ ಹ್ಯಾಂಡ್‌ಬ್ರೇಕ್. ಈ ಕ್ರಮ ತಪ್ಪಿದರೆ ಕೇಬಲ್ ಶೂಗಳನ್ನು ಎಳೆದು ಹಿಡಿದಿರುವುದನ್ನೇ ಸರಿಯಾದ ಅಳತೆ ಎಂದುಕೊಳ್ಳುತ್ತೀರಿ.

ಅಡ್ಜಸ್ಟರನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ. ಪೆಡಲನ್ನು ಎರಡು ಮೂರು ಸಲ ಗಟ್ಟಿಯಾಗಿ ತುಳಿಯಿರಿ, ಶೂಗಳು ಸರಿದು ನಡುವಿಗೆ ಕೂರುತ್ತವೆ. ಚಕ್ರ ಸಡಿಲವಾದರೆ ಮತ್ತೆ ಬಿಗಿ ಮಾಡಿ, ಮತ್ತೆ ತುಳಿಯಿರಿ. ಇನ್ನು ಬಿಗಿಯಾಗದು ಎಂದಾಗ ಒಂದೊಂದೇ ಕ್ಲಿಕ್ ಹಿಂದಕ್ಕೆ ತಂದು ಚಕ್ರ ಸಲೀಸಾಗಿ ತಿರುಗುವಲ್ಲಿ ನಿಲ್ಲಿಸಿ. ಶೂಗೆ ಒಂದರಂತೆ ಅಡ್ಜಸ್ಟರ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಇದನ್ನೇ ಮಾಡಿ. ಕೆಲವು ಹಳೆಯ ಕಾರುಗಳಲ್ಲಿ ಶೂ ಆತುಕೊಳ್ಳುವ ಆಧಾರದ ಪಿನ್ನೂ ಕೇಂದ್ರ ತಪ್ಪಿಸಿ ಮಾಡಿದ್ದು (ಎಕ್ಸೆಂಟ್ರಿಕ್), ತಿರುಗಿಸಿದರೆ ಶೂ ತುದಿ ಸರಿಯುತ್ತದೆ. ಹೊಸ ಶೂ ಹಾಕಿದಾಗ ಅದನ್ನೂ ಸೆಟ್ ಮಾಡಬೇಕು. ಡ್ರಮ್ಮಿನಲ್ಲಿ ಅದಕ್ಕೆಂದೇ ಇರುವ ಕಿಂಡಿಯಿಂದ ಫೀಲರ್ ತೂರಿಸಿ ಕೈಪಿಡಿ ಹೇಳಿದ ಸಂದಿಗೆ ತನ್ನಿ, ಹಳೆಯ ಬೆಂಡಿಕ್ಸ್ ಬ್ರೇಕುಗಳಿಗೆ ಅದು 10 ಥೌ, ಅಂದರೆ 0.25 ಮಿಲಿಮೀಟರ್.

ಆಮೇಲೆ ಹ್ಯಾಂಡ್‌ಬ್ರೇಕ್, ಲಿವರಿನ ನಾಲ್ಕೈದು ಹಲ್ಲಿನಲ್ಲಿ ಎರಡೂ ಚಕ್ರ ಸಮನಾಗಿ ಹಿಡಿಯುವಂತೆ. ಸಿಲಿಂಡರ್ ಬಿಚ್ಚಿದ್ದರೆ ಬ್ಲೀಡ್ ಮಾಡಿ. ಗ್ಲೈಕಾಲಿನ ಡಾಟ್ 3, ಡಾಟ್ 4 ದರ್ಜೆಯ ಫ್ಲೂಯಿಡ್ ಇದ್ದ ಕಡೆ ಸಿಲಿಕೋನಿನ ಡಾಟ್ 5 ಬೆರೆಸಬೇಡಿ. ಬಿಚ್ಚಿದ ಸ್ಪ್ಲಿಟ್ ಪಿನ್ ಮತ್ತೆ ಹಾಕಬಾರದು, ಹೊಸದೇ ಇರಲಿ.

ಒಗ್ಗಿಸುವುದು, ಮತ್ತು ಆಮೇಲಿನ ತಕರಾರು

ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಅರ್ಧ ಕಿಲೋಮೀಟರ್ ಓಡಿಸಿ ಆರಲು ಬಿಡಿ. ಹೀಗೆ ಇಪ್ಪತ್ತು ಸಲ. ಕಾದಿರುವಾಗ ಪೂರ್ತಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. 200 ಕಿಲೋಮೀಟರ್ ಆದ ಮೇಲೆ ಮತ್ತೆ ಸೆಟ್ ಮಾಡಬೇಕಾಗುತ್ತದೆ, ಲೈನಿಂಗಿನ ಎತ್ತರದ ಜಾಗಗಳು ಅಷ್ಟರಲ್ಲಿ ಸವೆದಿರುತ್ತವೆ. ಆಗ ಒಂದು ಡ್ರಮ್ ತೆಗೆದು ನೋಡಿ: ಲೈನಿಂಗಿನ ಮುಕ್ಕಾಲು ಪಾಲು ಹೊಳೆಯುತ್ತಿದ್ದರೆ ಶೂ ಡ್ರಮ್ಮಿಗೆ ಕೂಡಿದೆ.

ಪೆಡಲ್ ಮೆತ್ತಗಿದ್ದರೆ ಬ್ಲೀಡ್ ಮಾಡುವ ಮೊದಲು ನಾಲ್ಕೂ ಅಡ್ಜಸ್ಟರನ್ನು ಚಕ್ರ ನಿಲ್ಲುವಷ್ಟು ಬಿಗಿ ಮಾಡಿ ತುಳಿದು ನೋಡಿ. ಆಗಲೂ ಮೆತ್ತಗಿದ್ದರೆ ಗಾಳಿಯನ್ನೋ ಉಬ್ಬುವ ಹಳೆಯ ಹೋಸನ್ನೋ ಹುಡುಕಿ. ಗಟ್ಟಿಯಾದರೆ ತಪ್ಪು ಶೂಗಳಲ್ಲೇ ಇದೆ. ಅಡ್ಜಸ್ಟರುಗಳನ್ನು ಒಂದೊಂದಾಗಿ ಸಡಿಲಿಸುತ್ತ ಬನ್ನಿ, ಯಾವ ಚಕ್ರ ಸಡಿಲಿಸಿದಾಗ ಪೆಡಲ್ ಇಳಿಯಿತೋ ಅಲ್ಲಿ ಸೀಮೆಸುಣ್ಣ ಹಿಡಿದು ಕೂರಿ.

ಓಡಿಸುತ್ತ ಓಡಿಸುತ್ತ ಬ್ರೇಕ್ ತಾನಾಗಿ ಹಿಡಿದುಕೊಂಡರೆ, ಹಿಡಿದ ಚಕ್ರವನ್ನು ಎತ್ತಿ ಬ್ಲೀಡ್ ನಿಪ್ಪಲ್ ಸಡಿಲಿಸಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಉಳಿದಿದೆ. ಒಂದೇ ಚಕ್ರ ಹಿಡಿದಿದ್ದರೆ ಒಳಗೆ ಊದಿಕೊಂಡ ಹೋಸು, ಎಲ್ಲವೂ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರಿನ ತಳ್ಳುಕಡ್ಡಿಗೆ ಆಟವೇ ಇಲ್ಲದೆ ಫ್ಲೂಯಿಡ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡಿದೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಡ್ರಮ್ ತೆಗೆಯಿರಿ: ಸ್ಪ್ರಿಂಗ್, ಬ್ಯಾಕ್‌ಪ್ಲೇಟಿನ ಉಬ್ಬುಗಳು, ಹ್ಯಾಂಡ್‌ಬ್ರೇಕ್ ಕೇಬಲ್, ಈ ಕ್ರಮದಲ್ಲಿ ನೋಡುತ್ತ ಹೋಗಿ.